ಗೂಡಿಲ್ಲದ ಹಕ್ಕಿಗಳ ಚಿತ್ರ

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟ ಬಸ್ಸು ತ್ಯಾವರೆಕೊಪ್ಪದ ಹುಲಿ–ಸಿಂಹಧಾಮ ದಾಟಿ ಆಯನೂರು ಮುಟ್ಟುವ ಹೊತ್ತಿಗೆ ಕಿಟಕಿಯಾಚೆಯ ನೆಲವೇ ಬೇರೆಯಾಗಿರುತ್ತದೆ. ಭದ್ರಾವತಿ ಕಡೆಯ ಭತ್ತ, ಕಬ್ಬು, ತೆಂಗಿನ ಬಯಲು ಹಿಂದೆ ಉಳಿಯುತ್ತದೆ. ಅಡಿಕೆ ತೋಟ, ಸಾಗುವಾನಿ ನೆಡುತೋಪು, ಮತ್ತಿ–ಹೊನ್ನೆ–ನಂದಿಯ ಎಲೆ ಉದುರುವ ಕಾಡು ಒಂದರ ಹಿಂದೊಂದು ಬರುತ್ತವೆ. ಶಿವಮೊಗ್ಗ ನಗರಕ್ಕೆ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ಅದೇ ಜಿಲ್ಲೆಯ ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಮಳೆಯ ಲೆಕ್ಕದಲ್ಲಿ ಆಯನೂರು ಇರುವುದು ಈ ಎರಡರ ನಡುವೆ, ಬಯಲುಸೀಮೆ ಮುಗಿದು ಮಲೆನಾಡು ಇನ್ನೂ ಪೂರ್ತಿ ಶುರುವಾಗದ ಅಂಚಿನಲ್ಲಿ.

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾದಂತೆ ಈ ಅಂಚು ಹಕ್ಕಿ ನೋಡುವವರಿಗೆ ವರ್ಷದಲ್ಲೇ ಅತ್ಯಂತ ಲಾಭದ ಜಾಗವಾಗುತ್ತದೆ. ಎಲೆ ಉದುರಿ ಕೊಂಬೆಗಳು ಬಯಲಾಗಿರುತ್ತವೆ, ನೀರಿನ ಗುಂಡಿಗಳು ಬೆರಳೆಣಿಕೆಗೆ ಇಳಿದಿರುತ್ತವೆ, ಮುತ್ತುಗ, ಬೂರುಗ, ಹಾಲವಾಣ ಹೂ ತುಂಬಿಕೊಂಡಿರುತ್ತವೆ. ಮಧ್ಯ ಏಷ್ಯಾದಿಂದ ಬಂದು ಚಳಿಗಾಲವನ್ನು ದಕ್ಷಿಣದಲ್ಲಿ ಕಳೆದ ಗುಲಾಬಿ ಕಬ್ಬಕ್ಕಿಗಳು ಮಂದೆಮಂದೆಯಾಗಿ ಈ ಹೂಗಳ ಮೇಲೆ ಎರಗಿ ಮಕರಂದ ಹೀರುತ್ತವೆ. ತರಗೆಲೆಯ ಮೇಲೆ ಕುಪ್ಪಳಿಸುವ ನವರಂಗ, ಮರದ ತುದಿಯಲ್ಲಿ ಎಲೆಯಿಂದ ಎಲೆಗೆ ಹಾರುತ್ತ ಹುಳು ಹೆಕ್ಕುವ ಎಂಟು ಗ್ರಾಮು ತೂಕದ ಉಲಿಯಕ್ಕಿ, ತೋಟದ ನೆರಳಿನಲ್ಲಿ ಬಾಲ ಅಲುಗಿಸುತ್ತ ನಡೆಯುವ ಕಾಡು ಸಿಪಿಲೆ, ಕಂದು ಕಳಿಂಗ: ಎಲ್ಲವೂ ಈಗ ಹೊಟ್ಟೆ ತುಂಬಿಸಿಕೊಳ್ಳುವ ಆತುರದಲ್ಲಿರುತ್ತವೆ. ಏಪ್ರಿಲ್ ಮುಗಿಯುವುದರೊಳಗೆ ಬಹುಪಾಲು ಹೊರಟುಹೋಗುತ್ತವೆ. ಯುರೋಪಿನವರಿಗೆ ವಸಂತವೆಂದರೆ ವಲಸೆ ಹಕ್ಕಿ ಬರುವ ಕಾಲ. ಮಲೆನಾಡಿನಲ್ಲಿ ಅದು ಹಕ್ಕಿ ಹೊರಡುವ ಕಾಲ.

ಈ ವ್ಯತ್ಯಾಸ ಪಂಚಾಂಗದ್ದಷ್ಟೇ ಆಗಿದ್ದರೆ ಅದಕ್ಕೆ ಇಷ್ಟು ಮಾತು ಬೇಕಿರಲಿಲ್ಲ. ಹಕ್ಕಿಚಿತ್ರದ ಕಸುಬು ಹುಟ್ಟಿದ್ದು ಹಕ್ಕಿ ಬರುವ ವಸಂತದಲ್ಲಿ. ಅಲ್ಲಿ ಕಲಿತ ವಿಧಾನ ಹಕ್ಕಿ ಹೊರಡುವ ವಸಂತಕ್ಕೆ ಒಗ್ಗಲು ನೂರು ವರ್ಷ ಹಿಡಿಯಿತು. ಹಾಗಾಗಿಯೇ ಇಪ್ಪತ್ತನೇ ಶತಮಾನದ ಹಕ್ಕಿಚಿತ್ರಗಳ ಹಳೆಯ ಪುಸ್ತಕ ತಿರುವಿದರೆ ಬೆಳ್ಳಕ್ಕಿ, ಹದ್ದು, ಗೂಬೆ, ಬುಲ್‌ಬುಲ್ ಸಿಗುತ್ತವೆ. ಕಾಡಿನೊಳಗೆ ಬಂದುಹೋಗುವ ಪುಟ್ಟ ವಲಸಿಗರು ಅಪರೂಪ.

ಕೈಗೆ ಸಿಕ್ಕ ಹಕ್ಕಿ

ಕ್ಯಾಮೆರಾಕ್ಕಿಂತ ಮೊದಲು ಬಂದೂಕಿತ್ತು. ಹಕ್ಕಿಯ ಗುರುತು ಖಚಿತವಾಗಬೇಕಾದರೆ ಅದನ್ನು ಹೊಡೆದು, ಚರ್ಮ ಬಿಡಿಸಿ, ಹತ್ತಿ ತುಂಬಿ, ಕಾಲಿಗೆ ಊರು–ದಿನಾಂಕದ ಚೀಟಿ ಕಟ್ಟಿ ಸಂಗ್ರಹಾಲಯಕ್ಕೆ ಕಳಿಸುವುದೇ ಹತ್ತೊಂಬತ್ತನೇ ಶತಮಾನದ ಪದ್ಧತಿ. ನೆರೆಯ ಉತ್ತರ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್ ಆ ಜಿಲ್ಲೆಯ ಹಕ್ಕಿಗಳ ಪಟ್ಟಿಯನ್ನು 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಆಡಳಿತದ ಕೆಲಸದ ಮೇಲೆ ಕಾಡು ಸುತ್ತುವ ಅಧಿಕಾರಿಗಳಿಗೆ ಹಕ್ಕಿ, ಮೊಟ್ಟೆ, ಗೂಡುಗಳನ್ನು ಕೂಡಿಡುವುದು ಅಂದಿನ ಗೌರವದ ಹವ್ಯಾಸ.

ಮೈಸೂರು ಸಂಸ್ಥಾನದ ಸರದಿ ಬಂದದ್ದು 1939–40ರಲ್ಲಿ. ಹೈದರಾಬಾದ್, ತಿರುವಾಂಕೂರು–ಕೊಚ್ಚಿ ಸಂಸ್ಥಾನಗಳ ಹಕ್ಕಿ ಸಮೀಕ್ಷೆ ಮುಗಿಸಿದ್ದ ಸಲೀಂ ಅಲಿ ಮೈಸೂರು ಸರಕಾರದ ನೆರವಿನಿಂದ ಇಲ್ಲಿಯೂ ಕ್ಯಾಂಪು ಹಾಕುತ್ತ ತಿರುಗಿದರು. ಆ ವರದಿ 1942–43ರಲ್ಲಿ ಕಂತುಕಂತಾಗಿ ಅಚ್ಚಾಯಿತು. ಆಗಲೂ ಸಾಕ್ಷಿ ಎಂದರೆ ಚರ್ಮವೇ. ಹಕ್ಕಿಯ ರೆಕ್ಕೆ, ಕೊಕ್ಕು, ಕಾಲಿನ ಅಳತೆ ಬರೆದಿಟ್ಟುಕೊಂಡ ಆ ಚೀಟಿಗಳು ಇಂದಿಗೂ ಬೆಲೆಯುಳ್ಳವು. ಅಂದಿನ ಕಾಡಿನಲ್ಲಿ ಯಾವ ತಿಂಗಳು ಯಾವ ಹಕ್ಕಿ ಇತ್ತೆಂದು ಹೇಳಬಲ್ಲ ಗಟ್ಟಿ ದಾಖಲೆ ಬೇರೆ ಹೆಚ್ಚೇನೂ ಇಲ್ಲ. ಸಲೀಂ ಅಲಿಯವರು ಜನಸಾಮಾನ್ಯರಿಗಾಗಿ ಬರೆದ ಭಾರತದ ಹಕ್ಕಿಗಳ ಕೈಪಿಡಿ 1941ರಲ್ಲಿ ಬಂತು. ಅದು ಕೈಗೆ ಸಿಕ್ಕಮೇಲೆ ಹಕ್ಕಿಯನ್ನು ಕೊಲ್ಲದೆಯೇ ಹೆಸರಿಸಬಹುದೆಂಬ ಧೈರ್ಯ ಹೊಸ ತಲೆಮಾರಿಗೆ ಬಂತು.

ಎತ್ತಿನ ಹೊಟ್ಟೆಯೊಳಗಿನ ಕ್ಯಾಮೆರಾ

ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸೋದರರು 1892ರಲ್ಲಿ ಹಕ್ಕಿಗೂಡೊಂದರ ಚಿತ್ರ ತೆಗೆದರು. ಮೂರು ವರ್ಷ ಕಳೆದು, 1895ರಲ್ಲಿ, ಗೂಡುಗಳ ಛಾಯಾಚಿತ್ರಗಳಿಂದಲೇ ತುಂಬಿದ ಅವರ ಪುಸ್ತಕ ಹೊರಬಂತು. ಅಂದಿನ ಪ್ಲೇಟ್ ಕ್ಯಾಮೆರಾ ಮರದ ಪೆಟ್ಟಿಗೆ. ಬೆಳಕನ್ನು ನಿಧಾನವಾಗಿ ಹಿಡಿಯುವ ಗಾಜಿನ ಪ್ಲೇಟು. ದೂರದ್ದನ್ನು ಹತ್ತಿರ ತರುವ ಲೆನ್ಸು ಅಪರೂಪ. ಹಾರುವ ಹಕ್ಕಿಯ ಮಾತು ಹಾಗಿರಲಿ, ಕೂತ ಹಕ್ಕಿಯನ್ನು ಹಿಡಿಯಬೇಕಾದರೂ ಕೆಲವೇ ಅಡಿ ಹತ್ತಿರ ಹೋಗಬೇಕು. ಹಕ್ಕಿ ಖಂಡಿತ ಮರಳಿ ಬರುವ ಜಾಗ ಒಂದೇ: ಗೂಡು. ಅದಕ್ಕಾಗಿ ಸೋದರರು ಸತ್ತ ಎತ್ತಿನ ಚರ್ಮ ತುಂಬಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ಕೂತು ಕಾದರು. ಮುಂದೆ ಬಟ್ಟೆಯ ಮರೆಗುಡಾರ, ಛಾಯಾಗ್ರಾಹಕರ ಮಾತಿನಲ್ಲಿ ಹೈಡ್, ಎತ್ತಿನ ಜಾಗಕ್ಕೆ ಬಂತು. ಅಪಾಯ ಮಾತ್ರ ಹೋಗಲಿಲ್ಲ. ಎರಿಕ್ ಹೋಸ್ಕಿಂಗ್ ಎಂಬ ಪ್ರಸಿದ್ಧ ಬ್ರಿಟಿಷ್ ಹಕ್ಕಿ ಛಾಯಾಗ್ರಾಹಕ 1937ರಲ್ಲಿ ಗೂಬೆಯ ಗೂಡಿನ ಬಳಿ ಅದರ ಉಗುರಿಗೆ ಒಂದು ಕಣ್ಣನ್ನೇ ಕಳೆದುಕೊಂಡರು.

ಇದೇ ವಿಧಾನ ಹಡಗು ಹತ್ತಿ ಭಾರತಕ್ಕೆ ಬಂತು. ಸೈನ್ಯದಲ್ಲಿದ್ದ ಆರ್.ಎಸ್.ಪಿ. ಬೇಟ್ಸ್, ರೈಲ್ವೆಯಲ್ಲಿದ್ದ ಇ.ಎಚ್.ಎನ್. ಲೌಥರ್ ಇಬ್ಬರೂ ಗೂಡಿನ ಮುಂದೆ ಗುಡಾರ ಹೂಡಿ ಚಿತ್ರ ತೆಗೆದವರು. ಲೌಥರ್ ತಮ್ಮ ಅನುಭವವನ್ನು 1949ರಲ್ಲಿ ಪುಸ್ತಕ ಮಾಡಿದರು. ಅವರ ಕೆಲಸ ಶ್ರದ್ಧೆಯದು, ಚಿತ್ರಗಳು ಸ್ಪಷ್ಟ. ಆದರೆ ಗೂಡನ್ನು ಆಧರಿಸಿದ ಛಾಯಾಗ್ರಹಣಕ್ಕೆ ಒಂದು ಕಟ್ಟುಪಾಡು ತಾನಾಗಿಯೇ ಅಂಟಿಕೊಂಡಿತು: ಇಲ್ಲಿ ಗೂಡು ಕಟ್ಟುವ ಹಕ್ಕಿಗೆ ಮಾತ್ರ ಇಲ್ಲಿ ಚಿತ್ರ.

ಬ್ರಿಟನ್ನಿನಲ್ಲಿ ಇದು ಕೊರತೆಯೇ ಅಲ್ಲ. ವಸಂತದಲ್ಲಿ ಆಫ್ರಿಕದಿಂದ ಬರುವ ವಲಸೆ ಹಕ್ಕಿ ಅಲ್ಲಿಯೇ ಗೂಡು ಕಟ್ಟುತ್ತದೆ, ಹೈಡಿನ ಮುಂದೆ ದಿನವಿಡೀ ಓಡಾಡುತ್ತದೆ. ಶಿವಮೊಗ್ಗದ ಕಾಡಿಗೆ ಬರುವ ಉಲಿಯಕ್ಕಿ ಗೂಡು ಕಟ್ಟುವುದು ಹಿಮಾಲಯದಿಂದ ಸೈಬೀರಿಯದವರೆಗಿನ ಕಾಡುಗಳಲ್ಲಿ. ಗುಲಾಬಿ ಕಬ್ಬಕ್ಕಿ ಮರಿ ಮಾಡುವುದು ಮಧ್ಯ ಏಷ್ಯಾದ ಹುಲ್ಲುಗಾವಲಿನ ಕಲ್ಲುರಾಶಿಗಳಲ್ಲಿ. ಇಲ್ಲಿ ಅವಕ್ಕೆ ಮನೆಯಿಲ್ಲ, ಮರಿಯಿಲ್ಲ, ಒಂದೇ ಕೊಂಬೆಗೆ ಮರಳಿ ಬರುವ ಹಂಗಿಲ್ಲ. ಗುಡಾರ ಹೂಡುವುದಾದರೂ ಎಲ್ಲಿ?

ಜಿಲ್ಲೆಯಲ್ಲಿ, ಅದರ ಅಂಚಿನಲ್ಲಿ ಕ್ಯಾಮೆರಾದ ಕಣ್ಣಿಗೆ ಬೇಗ ಬಿದ್ದ ಜಾಗಗಳೂ ಇದನ್ನೇ ಹೇಳುತ್ತವೆ. ತೀರ್ಥಹಳ್ಳಿ ರಸ್ತೆಯಲ್ಲಿ, ಶಿವಮೊಗ್ಗದಿಂದ ಸುಮಾರು 30 ಕಿ.ಮೀ. ದೂರದ ಮಂಡಗದ್ದೆಯಲ್ಲಿ ತುಂಗೆಯ ನಡುವೆ ಒಂದು ಎಕರೆಗಿಂತ ತುಸು ಹೆಚ್ಚಿನ ನಡುಗಡ್ಡೆಯಿದೆ. ಮಳೆಗಾಲದಲ್ಲಿ ಅಲ್ಲಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಸೊರಬ ತಾಲ್ಲೂಕಿನ ಗುಡವಿ ಕೆರೆಯದೂ ಹೆಚ್ಚುಕಡಿಮೆ ಅದೇ ಕಾಲ, ಅದೇ ಬಗೆ. ಭದ್ರಾ ಜಲಾಶಯದ ನೀರು ಇಳಿದಾಗ ತಲೆಯೆತ್ತುವ ಮಣ್ಣಿನ ದಿಬ್ಬಗಳ ಮೇಲೆ ಫೆಬ್ರುವರಿಯಿಂದ ಮೇವರೆಗೆ ನದಿ ರೀವಗಳು ಮೊಟ್ಟೆಯಿಡುತ್ತವೆ. ಲಕ್ಕವಳ್ಳಿಯ ಬಳಿ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಗೃಹಕ್ಕೆ ಆ ಹಕ್ಕಿಯದೇ ಹೆಸರು. ಇವೆಲ್ಲ ತೆರೆದ ನೀರಿನ ಮೇಲೆ, ಒಳ್ಳೆಯ ಬೆಳಕಿನಲ್ಲಿ, ಗೂಡಿಗೆ ಕಟ್ಟುಬಿದ್ದ ಹಕ್ಕಿಗಳು. ಆಯನೂರು–ಕುಂಸಿ ಕಡೆಯ ಕಾಡಿನ ವಸಂತ ಇವುಗಳ ಪಕ್ಕದಲ್ಲೇ ಇದ್ದರೂ ಅದರ ಚಿತ್ರ ಬಹುಕಾಲ ಯಾರ ಬಳಿಯೂ ಇರಲಿಲ್ಲ.

ಅನುಮಾನದ ಮೇಲೆ ಹಿಡಿದ ಹಕ್ಕಿ

ಹೀಗೆ ಚಿತ್ರಕ್ಕೆ ಸಿಗದ ವಲಸೆ ಹಕ್ಕಿ ಇದ್ದಕ್ಕಿದ್ದಂತೆ ಜಗತ್ತಿನ ವೈದ್ಯರ ಗಮನಕ್ಕೆ ಬಂದದ್ದು ಶಿವಮೊಗ್ಗ ಜಿಲ್ಲೆಯಿಂದಲೇ, ವಸಂತದಲ್ಲಿಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಹತ್ತಿರದ ಊರಿನವರಿಗೆ ಮೈಕೈ ನೋವು, ವಿಪರೀತ ಜ್ವರ, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸ ವೈರಸ್ಸೊಂದನ್ನು ಬೇರ್ಪಡಿಸಿದರು. ವೈದ್ಯಕೀಯ ಪುಸ್ತಕಗಳಿಗೆ ಅದು ಕ್ಯಾಸನೂರು ಕಾಡಿನ ಕಾಯಿಲೆ, ಮಲೆನಾಡಿಗೆ ಮಂಗನ ಕಾಯಿಲೆ.

ವಿಜ್ಞಾನಿಗಳನ್ನು ಬೆಚ್ಚಿಬೀಳಿಸಿದ್ದು ಅದರ ನಂಟಸ್ತಿಕೆ. ಈ ವೈರಸ್ ಸೈಬೀರಿಯ ಕಡೆ ವಸಂತ ಮತ್ತು ಬೇಸಿಗೆಯಲ್ಲಿ ಉಣುಗುಗಳಿಂದ ಹರಡುವ ಮೆದುಳುಜ್ವರದ ವೈರಸ್ಸಿಗೆ ತೀರ ಹತ್ತಿರದ್ದಾಗಿತ್ತು. ಸಾವಿರಾರು ಕಿಲೋಮೀಟರ್ ಆಚೆಯ ರೋಗದ ತಮ್ಮ ಸೊರಬಕ್ಕೆ ಬಂದದ್ದು ಹೇಗೆ? ಪ್ರತಿ ವರ್ಷ ಅಲ್ಲಿಂದ ಇಲ್ಲಿಗೆ ಬಂದುಹೋಗುವ ಪ್ರಾಣಿ ಒಂದೇ. ವಲಸೆ ಹಕ್ಕಿಗಳು ಮೈಗೆ ಅಂಟಿದ ಉಣುಗಿನ ಜೊತೆ ವೈರಸ್ ಹೊತ್ತು ತಂದಿರಬಹುದೆಂಬ ಶಂಕೆ ಎದ್ದಿತು.

ಆ ಶಂಕೆಯಿಂದ ಭಾರತದ ಪಕ್ಷಿವಿಜ್ಞಾನಕ್ಕೆ ಅನಿರೀಕ್ಷಿತ ಲಾಭವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಉಣುಗು ಹೆಕ್ಕಿ, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುವ ದೊಡ್ಡ ಕಾರ್ಯಕ್ರಮವನ್ನು ಶುರುಮಾಡಿತು. ಮುಂದೆ ಅಮೆರಿಕದ ಸೈನ್ಯಕ್ಕೆ ಸೇರಿದ ಸಂಶೋಧನಾ ಯೋಜನೆಯಿಂದಲೂ ಹಣ ಬಂತು. 1970ರ ದಶಕದಲ್ಲಿ, ಇದು ಜೈವಿಕ ಯುದ್ಧದ ತಯಾರಿಯಲ್ಲವೇ ಎಂಬ ಪ್ರಶ್ನೆ ಸಂಸತ್ತಿನವರೆಗೂ ಹೋಯಿತು. ಇತ್ತ ಮಲೆನಾಡಿನಲ್ಲಿ ವೈರಸ್ ಕೇಂದ್ರದವರು ನೆಲದ ಮೇಲೆ ಓಡಾಡುವ ಕಾಡುಹಕ್ಕಿಗಳ ಮೈಮೇಲಿನ ಉಣುಗುಗಳನ್ನು ಎಣಿಸುತ್ತಿದ್ದರು.

ಸೈಬೀರಿಯದಿಂದ ಹಕ್ಕಿ ರೋಗ ತಂದಿತೆಂಬುದಕ್ಕೆ ಪುರಾವೆ ಸಿಗಲಿಲ್ಲ. ರೋಗ ಹರಡುವ ಮುಖ್ಯ ಉಣುಗು ಇಲ್ಲಿನ ಕಾಡಿನದೇ ಎಂಬುದು ಖಚಿತವಾಯಿತು. ಇಲ್ಲಿ ಕೆಲಸ ಮಾಡಿದ ಹೋರ್ಹೆ ಬೋಷೆಲ್ 1969ರಲ್ಲಿ ಬೇರೆಯೇ ವಿವರಣೆ ಮುಂದಿಟ್ಟರು: ಜನ ಹೆಚ್ಚಿ, ಕಾಡು ಕಡಿದು ಗದ್ದೆ–ತೋಟವಾಗಿ, ದನಗಳು ಕಾಡಿನಂಚಿನಲ್ಲಿ ಮೇಯತೊಡಗಿದ ಮೇಲೆ ಉಣುಗುಗಳಿಗೆ ಹೊಸ ಊಟ, ಹೊಸ ಜಾಗ ಸಿಕ್ಕಿತು, ಕಾಡಿನೊಳಗೆ ತಣ್ಣಗಿದ್ದ ವೈರಸ್ ಊರಿನ ಬಾಗಿಲಿಗೆ ಬಂತು. ಹಕ್ಕಿ ಆರೋಪಮುಕ್ತವಾಯಿತು. ಅದರ ನೆಪದಲ್ಲಿ ತೊಡಿಸಿದ ಉಂಗುರಗಳು ಸೋವಿಯತ್ ನೆಲದಲ್ಲಿ ಸಿಕ್ಕಿ, ಭಾರತದ ಹಕ್ಕಿಗಳು ಎಲ್ಲಿಗೆ ಹೋಗುತ್ತವೆಂಬ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರಗಳನ್ನು ಕೊಟ್ಟವು.

ಮಂಗನ ಕಾಯಿಲೆ ಹೋಗಿಲ್ಲ. ಎಳೆಯ ಉಣುಗುಗಳು ಚುರುಕಾಗುವುದು ಒಣ ತಿಂಗಳುಗಳಲ್ಲಿ, ಡಿಸೆಂಬರಿನಿಂದ ಮೇವರೆಗೆ. ಹಕ್ಕಿಚಿತ್ರಕ್ಕೆ ಕಾಡು ಹೊಗುವ ಕಾಲವೂ ಅದೇ. 2018–19ರ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಜೀವಗಳನ್ನು ತೆಗೆದುಕೊಂಡಿತು. ನವರಂಗಕ್ಕಾಗಿ ತರಗೆಲೆಯ ಮೇಲೆ ಮಲಗಿ ಕಾಯುವವರು ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಇಲ್ಲದೆ ಇಳಿಯುವುದಿಲ್ಲ. ಮಂಗ ಸತ್ತ ಸುದ್ದಿ ಬಂದ ಕಡೆಗೆ ಹೋಗುವುದೇ ಇಲ್ಲ.

ಮಾಸ್ತರರ ಕಾಲ

ಸ್ವಾತಂತ್ರ್ಯದ ನಂತರದ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಬೆಂಗಳೂರು ತವರು. ಒ.ಸಿ. ಎಡ್ವರ್ಡ್ಸ್ ಎಂಬ ಗುರುವಿನ ಗರಡಿಯಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಬೆಳೆದರು. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ, ದೇವರಾಜ ಅರಸು ಸರಕಾರದಲ್ಲಿ ಹಣಕಾಸು ಸಚಿವರಾಗಿದ್ದವರು, ಬಿಡುವಿನಲ್ಲಿ ಕ್ಯಾಮೆರಾ ಹೊತ್ತು ಕಾಡು ಸುತ್ತಿ ಪುಸ್ತಕ ಮಾಡಿದರು. 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳು ಸ್ಪರ್ಧೆ, ಪ್ರದರ್ಶನಗಳ ಮೂಲಕ ಹೊಸಬರನ್ನು ತಯಾರು ಮಾಡಿದವು. ಪೆರುಮಾಳ್ 2017ರಲ್ಲಿ ತೀರಿಕೊಂಡಾಗ ಅವರಿಂದ ಕಲಿತವರ ಎರಡು ಮೂರು ತಲೆಮಾರುಗಳಾಗಿದ್ದವು.

ಅವರ ಕಾಲದ ಲೆಕ್ಕ ಬೇರೆ. ಒಂದು ರೋಲಿಗೆ 36 ಚಿತ್ರ. ತೆಗೆದದ್ದು ಸರಿಬಂದಿದೆಯೇ ಎಂದು ಗೊತ್ತಾಗುವುದು ರೋಲು ತೊಳೆದು ಬಂದಮೇಲೆ. ಬಣ್ಣದ ಸ್ಲೈಡಿಗೆ ಹೆಸರಾದ ಕೊಡಾಕ್ರೋಮ್ ಫಿಲ್ಮಿನ ಬೆಳಕಿನ ಸೂಕ್ಷ್ಮತೆ 64. ಇಂದಿನ ಸಾಮಾನ್ಯ ಡಿಜಿಟಲ್ ಕ್ಯಾಮೆರಾ 6,400ರಲ್ಲೂ ಬಳಸಬಹುದಾದ ಚಿತ್ರ ಕೊಡುತ್ತದೆ. ಅಂದರೆ ನೂರು ಪಟ್ಟು. ಫಿಲ್ಮಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಶಟರ್ ತೆರೆದಿಡಬೇಕಾಗಿದ್ದ ಕಾಡಿನ ನೆರಳಿನಲ್ಲಿ ಈಗ ಸಾವಿರನೇ ಒಂದು ಭಾಗ ಸಾಕು. ನವರಂಗ ಬೆಳಗು–ಬೈಗಿನ ಮಬ್ಬಿನಲ್ಲಿ, ಪೊದೆಯ ಅಡಿಯಲ್ಲಿ, ಎಲೆ ಕೆದಕುತ್ತ ಒಂದು ಕ್ಷಣವೂ ನಿಲ್ಲದ ಹಕ್ಕಿ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಅದು ಬಣ್ಣದ ಗೀಟಾಗುತ್ತದೆ. ಫ್ಲ್ಯಾಶ್ ಹಾಕಬೇಕಾದರೆ ಹಕ್ಕಿ ಎಲ್ಲಿ ಬಂದು ಕೂರುತ್ತದೆಂದು ಮೊದಲೇ ಗೊತ್ತಿರಬೇಕು. ಅದು ಗೊತ್ತಾಗುವುದು ಮತ್ತದೇ ಗೂಡಿನ ಬಳಿ.

ಮಲೆನಾಡಿನವರೇ ಆದ, 1938ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಇದೇ ಮಿತಿಗಳೊಡನೆ ದಶಕಗಳ ಕಾಲ ಸೆಣಸಿದರು. ಅವರ ಕೊಡುಗೆ ಚಿತ್ರದಷ್ಟೇ ಓದುಗರ ವಿಷಯದ್ದೂ ಹೌದು. ಇಂಗ್ಲಿಷ್ ಕೈಪಿಡಿ ಓದದವರೂ ತೋಟದ ಹಕ್ಕಿಯನ್ನು ಕನ್ನಡದ ಹೆಸರಿನಿಂದ ಗುರುತಿಸುವಂತೆ ‘ಹಕ್ಕಿಪುಕ್ಕ’, ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕಗಳನ್ನು ಕೊಟ್ಟರು. 2007ರಲ್ಲಿ ಅವರು ತೀರಿಕೊಂಡರು. ಇಂದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಲ್ಲಿ ಕ್ಯಾಮೆರಾ ಹಿಡಿದ ಮೇಷ್ಟರು, ಬ್ಯಾಂಕಿನವರು, ಅಡಿಕೆ ಬೆಳೆಗಾರರನ್ನು ಮಾತಿಗೆಳೆದರೆ, ಶುರುವಾದದ್ದು ಎಲ್ಲಿಂದ ಎಂಬ ಪ್ರಶ್ನೆಗೆ ಅವರ ಹೆಸರು ಬಂದೇ ಬರುತ್ತದೆ.

ಚಿತ್ರದ ಹಿನ್ನೆಲೆ

ಹಕ್ಕಿಯ ಹಿಂದೆ ಮಸುಕಾಗಿ ಕಾಣುವ ಹಸಿರಿಗೂ ಒಂದು ಇತಿಹಾಸವಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಹರಿಸಿದಾಗ ಅದರ ಕುಲುಮೆಗೆ ಬೇಕಿದ್ದುದು ಕಲ್ಲಿದ್ದಲಲ್ಲ, ಇದ್ದಿಲು. ಜಿಲ್ಲೆಯ ಕಾಡಿನೊಳಕ್ಕೆ ಟ್ರಾಮ್ ಹಳಿಗಳು ಹೋದವು. ಕಡಿದ ಸೌದೆ ಅದರ ಮೇಲೆ ಭದ್ರಾವತಿಗೆ ಬಂತು. ಜೋಗದ ವಿದ್ಯುತ್ ಸಿಕ್ಕಮೇಲೆ ವಿದ್ಯುತ್ ಕುಲುಮೆಗಳು ಬಂದು ಇದ್ದಿಲಿನ ಹಸಿವು ತಗ್ಗಿತು. ಅದರ ಬೆನ್ನಿಗೆ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಿದ ಊರುಗಳ ಜನ ಶಿವಮೊಗ್ಗ ತಾಲ್ಲೂಕಿನ ಕಾಡಿನಂಚಿಗೆ ಬಂದು ನೆಲೆಸಬೇಕಾಯಿತು. ಅವರ ಹಕ್ಕುಪತ್ರದ ಗೋಳು ಇಂದಿಗೂ ಮುಗಿದಿಲ್ಲ.

1974ರಲ್ಲಿ ಸುಮಾರು 395 ಚದರ ಕಿ.ಮೀ. ಕಾಡು ಶೆಟ್ಟಿಹಳ್ಳಿ ಅಭಯಾರಣ್ಯವಾಯಿತು. ಆರು ವರ್ಷದ ಬಳಿಕ, 1980ರಲ್ಲಿ, 1936ರಲ್ಲಿ ಸ್ಥಾಪನೆಯಾಗಿದ್ದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಸಾವಿರಾರು ಹೆಕ್ಟೇರ್ ಅರಣ್ಯಭೂಮಿ 40 ವರ್ಷಗಳ ಗುತ್ತಿಗೆಗೆ ಹೋಯಿತು. ಕಾಗದದ ತಿರುಳಿಗೆಂದು ನೀಲಗಿರಿ, ಅಕೇಶಿಯಾ ಎದ್ದವು. ಕಾರ್ಖಾನೆ 2015ರಲ್ಲಿ ನಿಂತಿತು, ಗುತ್ತಿಗೆ 2020ರಲ್ಲಿ ಮುಗಿಯಿತು. ಗುತ್ತಿಗೆ ಮುಂದುವರಿಸುವ ಸರಕಾರದ ನಡೆಗೆ ಎದುರಾಗಿ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಚಳವಳಿ ಮಲೆನಾಡಿನಲ್ಲಿ ಕಟ್ಟಿಕೊಂಡಿತು.

ಮುತ್ತುಗ, ಬೂರುಗಗಳಂತೆ ಹಕ್ಕಿ ಕುಡಿಯಲೆಂದು ಮಕರಂದ ತುಂಬಿದ ದೊಡ್ಡ ಹೂ ಅಕೇಶಿಯಾಕ್ಕಿಲ್ಲ. ಅದರ ಕೆಳಗೆ ಬೀಳುವ ಒರಟು ದರಗು ಬೇಗ ಕೊಳೆಯುವುದೂ ಇಲ್ಲ. ಆಯನೂರಿನ ಆಸುಪಾಸು ವಸಂತದ ಹಕ್ಕಿಗಾಗಿ ಹೊರಟವರು ನೆಡುತೋಪನ್ನು ದಾಟಿ, ಉಳಿದ ಮಿಶ್ರ ಕಾಡು, ಹಳ್ಳದ ದಂಡೆ, ಹಳೆಯ ಅಡಿಕೆ ತೋಟದ ಬೇಲಿಯನ್ನು ಹುಡುಕಿ ಹೋಗುತ್ತಾರೆ. ಒಂದು ಮುತ್ತುಗದ ಮರದ ಸುತ್ತ ಹತ್ತಾರು ಚಿತ್ರ ಹುಟ್ಟುತ್ತವೆ. ಅದರಾಚೆಯ ಎಕರೆಗಟ್ಟಲೆ ನೆಡುತೋಪು ಯಾರ ಫ್ರೇಮಿಗೂ ಬರುವುದಿಲ್ಲ.

ಹತ್ತಿರವಾದ ದೂರ

ಮಧ್ಯಮ ವರ್ಗದ ಕೈಗೆಟುಕುವ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳು 2003–04ರ ಹೊತ್ತಿಗೆ ಮಾರುಕಟ್ಟೆಗೆ ಬಂದವು. ರೋಲಿನ ಖರ್ಚು ತಪ್ಪಿತು. ತಪ್ಪಿದ ಚಿತ್ರ ಅಳಿಸಲು ಒಂದು ಗುಂಡಿ ಸಾಕಾಯಿತು. ಮುಂದಿನ ಹದಿನೈದು ವರ್ಷದಲ್ಲಿ 400, 500, 600 ಮಿಲಿಮೀಟರಿನ ಲೆನ್ಸುಗಳು ಅಗ್ಗವಾದವು. 2018ರಲ್ಲಿ ನಿಕಾನ್ ಪಿ1000 ಎಂಬ ಒಂದೇ ಕ್ಯಾಮೆರಾದೊಳಗೆ 3,000 ಮಿಲಿಮೀಟರಿಗೆ ಸಮನಾದ ಜೂಮ್ ಬಂತು. ಮರದ ತುದಿಯ ಉಲಿಯಕ್ಕಿ ಈಗ ಗೂಡಿಲ್ಲದೆಯೂ, ಹೈಡಿಲ್ಲದೆಯೂ, ರಸ್ತೆಯ ಮೇಲೆ ನಿಂತೇ ಸಿಗತೊಡಗಿತು. ವಲಸಿಗರು ನೂರು ವರ್ಷ ತಡವಾಗಿ ಆಲ್ಬಮ್ಮಿಗೆ ಬಂದದ್ದು ಹೀಗೆ.

ಉದ್ದ ಲೆನ್ಸಿನಿಂದ ಹಕ್ಕಿಗೂ ಮನುಷ್ಯನಿಗೂ ನಡುವೆ ದೂರ ಸಿಗಬೇಕಿತ್ತು. ಆದರೆ ಎಲ್ಲರ ಬಳಿಯೂ ಉದ್ದ ಲೆನ್ಸ್ ಬಂದಮೇಲೆ ಎಲ್ಲರಿಗೂ ಇನ್ನೂ ಹತ್ತಿರದ ಚಿತ್ರ ಬೇಕಾಯಿತು. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಎದುರಿಗೆ ಕರೆಸುವ ಅಭ್ಯಾಸ ಹಬ್ಬಿತು; ಬಳಗದ ಮಾತಿನಲ್ಲಿ ಅದು ‘ಕಾಲ್ ಹಾಕುವುದು’. ಗಡಿ ಕಾಯುವ ಹಕ್ಕಿ ತನ್ನ ಜಾಗಕ್ಕೆ ಇನ್ನೊಬ್ಬ ಬಂದನೆಂದು ಮೇವು ಬಿಟ್ಟು ಓಡಿಬರುತ್ತದೆ. ಹೊರಡುವ ಮುನ್ನ ಕೊಬ್ಬು ಕೂಡಿಸಿಕೊಳ್ಳಬೇಕಾದ ವಲಸಿಗನಿಗೆ ಹೀಗೆ ಕಳೆದ ಪ್ರತಿ ಗಳಿಗೆಯೂ ನಷ್ಟವೇ. ಗೂಡಿನ ಸುತ್ತಲ ಕೊಂಬೆ ಸವರಿ ‘ಕ್ಲಿಯರ್’ ಮಾಡುವ ಹಳೆಯ ರೂಢಿಗೆ ಬಂದ ವಿರೋಧ ಈಗ ಕಾಲ್ ಹಾಕುವುದಕ್ಕೂ ಬರುತ್ತಿದೆ. ಹಲವು ಸ್ಪರ್ಧೆಗಳು, ಪತ್ರಿಕೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದನ್ನೇ ಬಿಟ್ಟಿವೆ. ಕಿಯರ್ಟನ್ನರ ಕಾಲದಲ್ಲಿ ಕಸುಬಿನ ಅಡಿಪಾಯವೇ ಆಗಿದ್ದ ಚಿತ್ರ ಇಂದು ಸ್ಪರ್ಧೆಯಿಂದ ಹೊರಬೀಳುವುದಕ್ಕೆ ಕಾರಣ.

ಇನ್ನೊಂದು ದಾರಿ ನೀರು. ಉತ್ತರ ಕನ್ನಡದ ಗಣೇಶಗುಡಿಯಲ್ಲಿ ಜಂಗಲ್ ಲಾಡ್ಜಸ್ ನಡೆಸುವ ಓಲ್ಡ್ ಮ್ಯಾಗಜಿನ್ ಹೌಸ್ ಇದಕ್ಕೆ ಹೆಸರುವಾಸಿ. ಮರದ ಕೆಳಗೆ ಪುಟ್ಟ ನೀರಿನ ತಟ್ಟೆಗಳು, ಎದುರಿಗೆ ಕುರ್ಚಿ. ಬೇಸಿಗೆಯಲ್ಲಿ ನೀಲಿ ನೊಣಹಿಡುಕ, ರಾಜಹಕ್ಕಿ, ನೆಲಸಿಳ್ಳಾರ ಒಂದೊಂದಾಗಿ ಸ್ನಾನಕ್ಕೆ ಬರುತ್ತವೆ. ಗೂಡು ಬೇಡ, ಕೂಗು ಬೇಡ. ಗೂಡಿಲ್ಲದ ಹಕ್ಕಿಗೂ ಮರಳಿ ಬರುವ ಒಂದು ಜಾಗವಿದೆಯೆಂದು ಕಸುಬು ಕಡೆಗೂ ಕಂಡುಕೊಂಡಿತು. ಇದರ ಅನುಕರಣೆಗಳು ಈಗ ಪಶ್ಚಿಮಘಟ್ಟದ ಉದ್ದಕ್ಕೂ ಹೋಂಸ್ಟೇ ಹಿತ್ತಲುಗಳಲ್ಲಿ ಹುಟ್ಟಿವೆ.

ಕಾನೂನು ಈ ಹೊಸ ರೂಢಿಗಳಿಗಿಂತ ಹಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನ ಪ್ರಕಾರ ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. 2022ರ ತಿದ್ದುಪಡಿ, ಆವಾಸಕ್ಕೆ ಬದಲಾವಣೆಯನ್ನಾಗಲಿ ಜೀವಿಗಳಿಗೆ ತೊಂದರೆಯನ್ನಾಗಲಿ ಮಾಡದ ಛಾಯಾಗ್ರಹಣಕ್ಕೆ ಮಾತ್ರ ಆ ಅನುಮತಿಯೆಂದು ಸ್ಪಷ್ಟಪಡಿಸಿತು. ಶೆಟ್ಟಿಹಳ್ಳಿಯ ಗಡಿಯೊಳಗೆ ಇದು ಅನ್ವಯ. ಗಡಿಯ ಹೊರಗಿನ ಹಳ್ಳ, ತೋಟ, ಊರುಗಾಡಿನಲ್ಲಿ ಉಳಿಯುವುದು ನೋಡುವವರ ಸಂಯಮ, ತೋಟದ ಯಜಮಾನರ ಒಪ್ಪಿಗೆ.

ಕೊನೆಯ ದಿನಾಂಕ

ಚರ್ಮಕ್ಕೆ ಕಟ್ಟುತ್ತಿದ್ದ ಚೀಟಿಯ ಕೆಲಸವನ್ನು ಈಗ ಡಿಜಿಟಲ್ ಚಿತ್ರ ಮಾಡುತ್ತದೆ. ದಿನಾಂಕ, ಹೊತ್ತು, ಕೆಲವೊಮ್ಮೆ ಜಾಗವೂ ಅದರೊಳಗೇ ಇರುತ್ತವೆ. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಿಂದ ಆರಂಭವಾದ ಮೈಗ್ರಂಟ್‌ವಾಚ್ ಯೋಜನೆ ಜನಸಾಮಾನ್ಯರನ್ನು ಕೇಳಿದ್ದೂ ಅದನ್ನೇ: ಚಳಿಗಾಲದ ವಲಸಿಗ ನಿಮ್ಮೂರಿನಲ್ಲಿ ಮೊದಲು ಕಂಡದ್ದು ಎಂದು, ಕೊನೆಗೆ ಕಂಡದ್ದು ಎಂದು? ಬಳಿಕ ಆ ಕೆಲಸ, ಹಕ್ಕಿ ಕಂಡ ದಾಖಲೆಗಳನ್ನು ಕೂಡಿಡುವ ಇ–ಬರ್ಡ್ ಜಾಲತಾಣಕ್ಕೆ ಸೇರಿಹೋಯಿತು. 30,000ಕ್ಕೂ ಹೆಚ್ಚು ಹವ್ಯಾಸಿಗಳು ಅಲ್ಲಿ ತುಂಬಿದ ಸುಮಾರು ಮೂರು ಕೋಟಿ ದಾಖಲೆಗಳಿಂದ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಸಿದ್ಧವಾಯಿತು. ದೀರ್ಘಾವಧಿಯ ಏರಿಳಿತ ಹೇಳಲು ಸಾಧ್ಯವಾದ 338 ಪ್ರಭೇದಗಳಲ್ಲಿ 204 ಇಳಿಮುಖವಾಗಿದ್ದವು.

ಈ ಎರಡು ದಿನಾಂಕಗಳಲ್ಲಿ ಮೊದಲನೆಯದು ಸುಲಭ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹೊಸ ಹಕ್ಕಿ ಕಂಡೊಡನೆ ಕ್ಯಾಮೆರಾ ತಾನಾಗಿಯೇ ಮೇಲೇಳುತ್ತದೆ, ಚಿತ್ರ ಅಂದೇ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುತ್ತದೆ. ಏಪ್ರಿಲಿನ ಮಾತು ಹಾಗಲ್ಲ. ಇಂದು ಕಂಡ ನವರಂಗವೇ ಈ ವರ್ಷದ ಕೊನೆಯದೆಂದು ಇಂದು ಯಾರಿಗೂ ತಿಳಿಯುವುದಿಲ್ಲ. ಅದನ್ನು ಹೇಳಬೇಕಾದರೆ ಅದೇ ಜಾಗಕ್ಕೆ ನಾಳೆ, ನಾಡಿದ್ದು, ಮುಂದಿನ ವಾರ ಹೋಗಿ, ಕಾಣಲಿಲ್ಲವೆಂದು ಬರೆದಿಡಬೇಕು. ಅದಕ್ಕಾಗಿಯೇ ಇ–ಬರ್ಡ್ ಅಪರೂಪದ ಒಂದು ಹಕ್ಕಿಯ ಚಿತ್ರಕ್ಕಿಂತ, ಆ ಹೊತ್ತಿನಲ್ಲಿ ಗುರುತಿಸಿದ ಕಾಗೆ–ಗೊರವಂಕಗಳನ್ನೂ ಬಿಡದ ಪೂರ್ಣ ಪಟ್ಟಿಗೆ ಹೆಚ್ಚು ಬೆಲೆ ಕೊಡುತ್ತದೆ. ಪಟ್ಟಿ ಪೂರ್ಣವಾಗಿದ್ದರೆ ಅದರಲ್ಲಿಲ್ಲದ ಹೆಸರೂ ದಾಖಲೆಯೇ.

ಯುಗಾದಿ ಕಳೆದು ಬಿಸಿಲು ಏರಿದಮೇಲೆ ದೂರದ ಛಾಯಾಗ್ರಾಹಕರು ಆಯನೂರಿನ ರಸ್ತೆಯಲ್ಲಿ ಕಡಿಮೆಯಾಗುತ್ತಾರೆ. ಕೆಲವರು ರೀವದ ಮರಿಗಳಿಗಾಗಿ ಭದ್ರೆಯ ಹಿನ್ನೀರಿಗೆ, ಇನ್ನು ಕೆಲವರು ಗಣೇಶಗುಡಿಯ ನೀರಿನ ತಟ್ಟೆಗಳ ಕಡೆಗೆ ಹೊರಳುತ್ತಾರೆ. ಹಕ್ಕಿ ಹೊರಟ ದಿನವನ್ನು ಗುರುತಿಸುವ ಕೆಲಸ ಸ್ಥಳೀಯರ ಪಾಲಿನದು: ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಹೇಗೂ ಹೋಗುವ ಬೆಳೆಗಾರರು, ಹಳ್ಳದ ದಾರಿಯಲ್ಲಿ ನಡೆದು ಶಾಲೆಗೆ ಬರುವ ಮೇಷ್ಟರು ಮತ್ತು ಮಕ್ಕಳು, ಬೆಂಕಿ ಕಾಯಲು ಕಾಡು ಸುತ್ತುವ ಅರಣ್ಯ ಕಾವಲುಗಾರರು. ಅದಕ್ಕೆ ಅವರಿಗೆ ಬೇಕಾದ ಸಲಕರಣೆ 600 ಮಿಲಿಮೀಟರಿನ ಲೆನ್ಸ್ ಅಲ್ಲ. ಒಂದೇ ದಾರಿ, ಒಂದೇ ಹೊತ್ತು, ದಿನಾಂಕ ಬರೆದ ಒಂದು ಪಟ್ಟಿ, ಮೇ ಎರಡನೇ ವಾರದವರೆಗೆ.